ಅವಿಭಾಜ್ಯ ಸಂಖ್ಯೆ: ಗುರುತಿಸುವುದು ಬೇರೆ, ಒಡೆಯುವುದು ಬೇರೆ

ಬೆಂಗಳೂರು ದಂಡಿನಿಂದ ಪೂರ್ವಕ್ಕೆ ಹಬ್ಬಿರುವ ಬಡಾವಣೆಗಳ ಪಿನ್‌ಕೋಡುಗಳು ನಿಮ್ಮಲ್ಲಿ ಹಲವರಿಗೆ ಬಾಯಿಪಾಠವಾಗಿರುತ್ತವೆ. ಹಲಸೂರಿಗೆ 560008, ಇಂದಿರಾನಗರಕ್ಕೆ 560038, ಕೆ.ಆರ್. ಪುರಕ್ಕೆ 560036. ಮೂರೂ ಸಮಸಂಖ್ಯೆಗಳು, ಆದ್ದರಿಂದ ಮೂರೂ ಎರಡರಿಂದ ಭಾಗವಾಗುತ್ತವೆ. ಫ್ರೇಜರ್ ಟೌನಿನ 560005 ಐದರಲ್ಲಿ ಮುಗಿಯುತ್ತದೆ, ಅದನ್ನೂ ನೋಡಿದೊಡನೆ ಬದಿಗಿಡಬಹುದು. ಆದರೆ ಶಿವಾಜಿನಗರದ ಅಂಗಡಿ ಬೋರ್ಡುಗಳಲ್ಲಿ ಕಾಣುವ 560051, ದೊಮ್ಮಲೂರಿನ 560071, ಮಾರುತಿ ಸೇವಾನಗರದ 560033, ವಿಮಾನಪುರದ 560017, ಸಿ.ವಿ. ರಾಮನ್ ನಗರದ 560093, ಈ ಐದರಲ್ಲಿ ಯಾವುದು ಅವಿಭಾಜ್ಯ? ಒಂದರಿಂದ ಮತ್ತು ತನ್ನಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವ, ಒಂದಕ್ಕಿಂತ ದೊಡ್ಡ ಸಂಖ್ಯೆ ಅವಿಭಾಜ್ಯ ಎಂದು ಶಾಲೆಯಲ್ಲೇ ಕಲಿತಿದ್ದೇವೆ. ಉಳಿದವು ಸಂಯುಕ್ತ ಸಂಖ್ಯೆಗಳು. ವ್ಯಾಖ್ಯೆ ಇಷ್ಟು ಸರಳವಾಗಿದ್ದರೂ ಈ ಐದು ಸಂಖ್ಯೆಗಳ ಮುಖ ನೋಡಿ ಉತ್ತರ ಹೇಳಲಾಗದು. ಲೆಕ್ಕ ಮಾಡಿಯೇ ತಿಳಿಯಬೇಕು.

ಆ ಲೆಕ್ಕವನ್ನು ಕಂಪ್ಯೂಟರಿಗೆ ಹೇಳಿಕೊಡುವುದು ಪ್ರೋಗ್ರಾಮಿಂಗ್ ಕಲಿಯುವ ಪ್ರತಿಯೊಬ್ಬರೂ ಮೊದಮೊದಲು ಮಾಡುವ ಅಭ್ಯಾಸ. ಪೈಥಾನ್ ಆಗಲಿ ಸಿ ಭಾಷೆಯಾಗಲಿ, ಆರೇಳು ಸಾಲಿನ ಕೆಲಸ. ರೇಡಿಯೊದಲ್ಲಿ ಪರದೆ ಇಲ್ಲದ್ದರಿಂದ ಅದನ್ನು ಮಾತಿನಲ್ಲೇ ಹೇಳುತ್ತೇನೆ. ಸಂಖ್ಯೆ ಎರಡಕ್ಕಿಂತ ಚಿಕ್ಕದಾದರೆ ‘ಅವಿಭಾಜ್ಯ ಅಲ್ಲ’ ಎಂದು ಹೇಳಿ ನಿಲ್ಲು. ಭಾಜಕವನ್ನು ಎರಡು ಎಂದು ಇಡು. ಭಾಜಕದ ವರ್ಗ ನಮ್ಮ ಸಂಖ್ಯೆಯನ್ನು ಮೀರದಿರುವ ತನಕ ಇಷ್ಟು ಮಾಡು: ಭಾಗಿಸಿ ಶೇಷ ನೋಡು, ಶೇಷ ಸೊನ್ನೆಯಾದರೆ ‘ಅಲ್ಲ’ ಎಂದು ನಿಲ್ಲು, ಇಲ್ಲದಿದ್ದರೆ ಭಾಜಕಕ್ಕೆ ಒಂದು ಕೂಡಿಸಿ ಮತ್ತೆ ಭಾಗಿಸು. ಲೂಪ್ ಮುಗಿದರೂ ಶೇಷ ಸೊನ್ನೆ ಬರದೆ ಹೋದರೆ ‘ಅವಿಭಾಜ್ಯ’ ಎನ್ನು. ಭಾಜಕದ ವರ್ಗ ಸಂಖ್ಯೆಯನ್ನು ಮೀರಿದ ಮೇಲೆ ನಿಲ್ಲಬಹುದು, ಏಕೆಂದರೆ ಅಪವರ್ತನಗಳು ಯಾವಾಗಲೂ ಜೋಡಿಯಾಗಿ ಬರುತ್ತವೆ. ಜೋಡಿಯ ಎರಡೂ ವರ್ಗಮೂಲಕ್ಕಿಂತ ದೊಡ್ಡದಾಗಿದ್ದರೆ ಅವುಗಳ ಗುಣಲಬ್ಧ ಸಂಖ್ಯೆಯನ್ನೇ ಮೀರಿಬಿಡುತ್ತದೆ. ಹಾಗಾಗಿ ಚಿಕ್ಕದು ವರ್ಗಮೂಲದೊಳಗೆ ಸಿಕ್ಕಲೇಬೇಕು. ಈ ಪ್ರೋಗ್ರಾಮಿಗೆ ನಮ್ಮ ಐದು ಪಿನ್‌ಕೋಡುಗಳನ್ನು ಕೊಟ್ಟರೆ ಶಿವಾಜಿನಗರದ್ದು 53ಕ್ಕೆ ಒಡೆಯುತ್ತದೆ: 53 ಗುಣಿಸು 10567. ದೊಮ್ಮಲೂರಿನದು 197ರವರೆಗೆ ತಡೆದುಕೊಂಡು 197 ಗುಣಿಸು 2843 ಆಗುತ್ತದೆ. ಮಾರುತಿ ಸೇವಾನಗರದ್ದು ಇನ್ನೂ ಮುಂದೆ ಹೋಗಿ 281 ಗುಣಿಸು 1993. ವಿಮಾನಪುರದ 560017 ಮತ್ತು ಸಿ.ವಿ. ರಾಮನ್ ನಗರದ 560093 ಕೊನೆಯವರೆಗೂ ಒಡೆಯುವುದಿಲ್ಲ, ಅವೆರಡೂ ಅವಿಭಾಜ್ಯ.

ಕಾಲೇಜಿನ ಲ್ಯಾಬಿನಲ್ಲಿ, ಕೆಲಸದ ಸಂದರ್ಶನದಲ್ಲಿ ಸಾಮಾನ್ಯವಾಗಿ ವಿಷಯ ಇಲ್ಲಿಗೆ ಮುಗಿಯುತ್ತದೆ. ಉತ್ತರ ಸರಿಬಂತು, ಅಂಕ ಸಿಕ್ಕಿತು. ನನ್ನ ವಾದ ಏನೆಂದರೆ, ಪಾಠ ಇಲ್ಲಿಂದ ಶುರುವಾಗಬೇಕು. ಉತ್ತರ ಸರಿಯೇ ಎಂಬ ಪ್ರಶ್ನೆಯ ಬೆನ್ನಿಗೆ, ಆ ಉತ್ತರಕ್ಕೆ ಎಷ್ಟು ಕೆಲಸ ಬಿತ್ತು ಎಂದೂ ಕೇಳಬೇಕು. 560093ರ ವರ್ಗಮೂಲ 748ಕ್ಕಿಂತ ತುಸು ಹೆಚ್ಚು. ಎರಡರಿಂದ 748ರವರೆಗೆ ಒಂದೊಂದಾಗಿ ಭಾಗಿಸಿದರೆ 747 ಭಾಗಾಕಾರ. ಎರಡನ್ನು ಬಿಟ್ಟರೆ ಬೆಸಸಂಖ್ಯೆಗಳಿಂದ ಮಾತ್ರ ಭಾಗಿಸಿದರೆ ಸಾಕು ಎಂದು ಹೊಳೆದರೆ 374. ಅವಿಭಾಜ್ಯಗಳಿಂದ ಮಾತ್ರ ಭಾಗಿಸಿದರೆ ಸಾಕು ಎಂದು ಕಂಡರೆ 132. ಹತ್ತಂಕಿಯ ಮೊಬೈಲ್ ನಂಬರಾದರೆ ವರ್ಗಮೂಲ ಒಂದು ಲಕ್ಷದೊಳಗೆ, ಭಾಗಿಸಬೇಕಾದ ಅವಿಭಾಜ್ಯಗಳು ಹೆಚ್ಚೆಂದರೆ 9592. ಇದೂ ಯಂತ್ರಕ್ಕೆ ಕಣ್ಣುಮುಚ್ಚಿ ತೆಗೆಯುವಷ್ಟರ ಕೆಲಸ. ಆದರೆ ಇಂದು ಗುಪ್ತಲಿಪಿಯ ಕೀಲಿಗೆ ಬೇಕಾದ ಅವಿಭಾಜ್ಯಕ್ಕೆ ಸುಮಾರು 309 ಅಂಕಿಗಳಿರುತ್ತವೆ. ಅಂಥದರ ವರ್ಗಮೂಲಕ್ಕೇ ನೂರೈವತ್ತಕ್ಕೂ ಹೆಚ್ಚು ಅಂಕಿ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಸಲ ಭಾಗಿಸುವ ಯಂತ್ರವನ್ನು ಕೂರಿಸಿದರೂ ಬೇಕಾಗುವ ವರ್ಷಗಳನ್ನು ಬರೆಯಲು 130ಕ್ಕೂ ಹೆಚ್ಚು ಅಂಕಿ ಬೇಕು. ವಿಶ್ವದ ವಯಸ್ಸನ್ನೇ ಸುಮಾರು 1380 ಕೋಟಿ ವರ್ಷ ಎನ್ನುತ್ತಾರೆ, ಅದಕ್ಕೆ ಹನ್ನೊಂದು ಅಂಕಿ ಸಾಕು. ನಮ್ಮ ಆರು ಸಾಲಿನ ಪ್ರೋಗ್ರಾಂ ತಪ್ಪಿಲ್ಲದ್ದು, ಆದರೂ ಇಲ್ಲಿ ನಿರುಪಯೋಗಿ. ವೇಗದ ಕಂಪ್ಯೂಟರ್ ಕೊಂಡು ಇದನ್ನು ಸರಿಪಡಿಸಲಾಗದು. ಯೋಚನೆಯ ದಾರಿಯನ್ನೇ ಬದಲಿಸಬೇಕು.

ಆ ಬೇರೆ ದಾರಿಯ ಬೀಜವನ್ನು 1640ರಲ್ಲಿ ಫ್ರಾನ್ಸಿನ ಪಿಯರ್ ಡ ಫರ್ಮಾ ಒಂದು ಪತ್ರದಲ್ಲಿ ಬರೆದ. ಅವಿಭಾಜ್ಯವೊಂದನ್ನು ತೆಗೆದುಕೊಳ್ಳಿ, ಅದರಿಂದ ಭಾಗವಾಗದ ಯಾವುದಾದರೂ ಸಂಖ್ಯೆಯನ್ನು ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಘಾತಕ್ಕೆ ಏರಿಸಿ, ಬಂದದ್ದನ್ನು ಅವಿಭಾಜ್ಯದಿಂದ ಭಾಗಿಸಿದರೆ ಶೇಷ ಯಾವಾಗಲೂ ಒಂದೇ. ಏಳನ್ನು ನೋಡಿ: ಎರಡರ ಆರನೇ ಘಾತ 64, ಏಳರಿಂದ ಭಾಗಿಸಿದರೆ ಶೇಷ 1. ಒಂಬತ್ತನ್ನು ನೋಡಿ: ಎರಡರ ಎಂಟನೇ ಘಾತ 256, ಒಂಬತ್ತರಿಂದ ಭಾಗಿಸಿದರೆ ಶೇಷ 4. ಶೇಷ 1 ಬರಲಿಲ್ಲ, ಆದ್ದರಿಂದ ಒಂಬತ್ತು ಅವಿಭಾಜ್ಯ ಅಲ್ಲ. ಇಲ್ಲಿ ಸ್ವಲ್ಪ ನಿಲ್ಲೋಣ. ಒಂಬತ್ತಕ್ಕೆ ಮೂರು ಎಂಬ ಅಪವರ್ತನ ಇದೆ ಎಂದು ಈ ಲೆಕ್ಕದಲ್ಲಿ ಎಲ್ಲೂ ಕಾಣಿಸಲಿಲ್ಲ. ಒಡೆಯುವ ಜಾಗ ಗೊತ್ತಾಗದೆಯೇ ‘ಇದು ಒಡೆಯುತ್ತದೆ’ ಎಂಬ ತೀರ್ಮಾನ ಬಂದುಬಿಟ್ಟಿತು. ಭಾಗಾಕಾರದ ಪ್ರೋಗ್ರಾಮಿನಲ್ಲಿ ಗುರುತಿಸುವುದೂ ಒಡೆಯುವುದೂ ಒಂದೇ ಕೆಲಸವಾಗಿ ಬೆಸೆದುಕೊಂಡಿದ್ದವು. ಫರ್ಮಾನ ಮಾತಿನಲ್ಲಿ ಅವೆರಡೂ ಬೇರೆಯಾದವು. ಕೆಲಸದ ಲೆಕ್ಕವನ್ನೂ ನೋಡಿ. ಘಾತಕ್ಕೆ ಏರಿಸುವಾಗ ಒಂದೊಂದೇ ಸಲ ಗುಣಿಸಬೇಕಾಗಿಲ್ಲ. ವರ್ಗ ಮಾಡುತ್ತ, ಆ ವರ್ಗದ ವರ್ಗ ಮಾಡುತ್ತ, ಪ್ರತಿ ಸಲವೂ ಶೇಷವನ್ನಷ್ಟೇ ಉಳಿಸಿಕೊಳ್ಳುತ್ತ ಹೋದರೆ 560093ಕ್ಕೆ ಇಪ್ಪತ್ತರ ಆಸುಪಾಸಿನ ವರ್ಗಗಳು, ಜೊತೆಗೆ ಕೆಲವು ಗುಣಾಕಾರಗಳು ಸಾಕು. 309 ಅಂಕಿಯ ಸಂಖ್ಯೆಗೆ ಸುಮಾರು 1024 ವರ್ಗಗಳು. ಇದನ್ನು ನಿಮ್ಮ ಕೈಯ ಮೊಬೈಲೇ ಸೆಕೆಂಡಿನೊಳಗೆ ಮಾಡಿ ಮುಗಿಸುತ್ತದೆ.

ಇಲ್ಲಿ ಜಾಣ ಕೇಳುಗರೊಬ್ಬರು ತಡೆಯಬಹುದು. ಅವಿಭಾಜ್ಯವಾದರೆ ಶೇಷ ಒಂದು ಎಂದಿರಿ, ಶೇಷ ಒಂದಾದರೆ ಅವಿಭಾಜ್ಯ ಎಂದು ಯಾರು ಹೇಳಿದರು? ಸರಿಯಾದ ಆಕ್ಷೇಪಣೆ. 341 ಎಂಬ ಸಂಖ್ಯೆ 11 ಮತ್ತು 31ರ ಗುಣಲಬ್ಧ, ಆದರೂ ಎರಡರ ಘಾತದಲ್ಲಿ ಪರೀಕ್ಷಿಸಿದರೆ ಶೇಷ ಒಂದೇ ಬರುತ್ತದೆ. ಇನ್ನೂ ಗಟ್ಟಿ ಆಸಾಮಿ 561. ಇದು 3, 11, 17ರ ಗುಣಲಬ್ಧ. ಇವುಗಳಿಂದ ಭಾಗವಾಗದ ಯಾವ ಸಂಖ್ಯೆಯನ್ನು ಹಿಡಿದು ಫರ್ಮಾ ಪರೀಕ್ಷೆ ಮಾಡಿದರೂ ಇದು ಪಾಸಾಗುತ್ತದೆ. ಇಂಥವನ್ನು ಕಾರ್ಮೈಕೆಲ್ ಸಂಖ್ಯೆಗಳೆನ್ನುತ್ತಾರೆ. ಇವು ಅನಂತವಾಗಿವೆ ಎಂದು 1994ರಲ್ಲಿ ಸಾಧಿಸಿ ತೋರಿಸಲಾಯಿತು. ಹಾಗಾದರೆ ಫರ್ಮಾನನ್ನು ಕೈಬಿಡಬೇಕೆ? ಬೇಡ. 1976ರಲ್ಲಿ ಗ್ಯಾರಿ ಮಿಲ್ಲರ್, 1980ರಲ್ಲಿ ಮೈಕಲ್ ರಾಬಿನ್ ಅದೇ ಪರೀಕ್ಷೆಯನ್ನು ಹರಿತಗೊಳಿಸಿದರು. ಕೊನೆಯ ಶೇಷದ ಜೊತೆಗೆ ಅದಕ್ಕೆ ಹೇಗೆ ಬಂದು ತಲುಪಿದೆವು ಎಂಬುದನ್ನೂ ಅವರು ನೋಡಿದರು. ಬೆಸ ಅವಿಭಾಜ್ಯದ ಲೆಕ್ಕದಲ್ಲಿ ವರ್ಗ ಮಾಡಿದಾಗ ಶೇಷ 1 ಬರಬೇಕಾದರೆ ಅದರ ಹಿಂದಿನ ಶೇಷ ಒಂದೋ 1 ಆಗಿರಬೇಕು, ಇಲ್ಲವೆ ಆ ಅವಿಭಾಜ್ಯಕ್ಕಿಂತ ಒಂದು ಕಡಿಮೆ ಇರಬೇಕು. 561ರಲ್ಲಿ ಎರಡರ 140ನೇ ಘಾತದ ಶೇಷ 67. ಅದರ ವರ್ಗ 4489, 561ರಿಂದ ಭಾಗಿಸಿದರೆ ಶೇಷ 1. ಹಿಂದಿನ ಶೇಷ 67 ಎಂಬುದು 1 ಅಲ್ಲ, 560 ಕೂಡ ಅಲ್ಲ. ಅಲ್ಲಿಗೆ 561ರ ವೇಷ ಕಳಚಿತು.

ಆದರೂ ಒಂದು ಅನುಮಾನ ಉಳಿಯುತ್ತದೆ. ಈ ಹರಿತ ಪರೀಕ್ಷೆ ‘ಸಂಯುಕ್ತ’ ಎಂದರೆ ಅದು ನಿಶ್ಚಿತ, ‘ಅವಿಭಾಜ್ಯ’ ಎಂದರೆ ‘ಬಹುಮಟ್ಟಿಗೆ’ ಎಂದಷ್ಟೇ ಅರ್ಥ. ಇಂಥ ಅವಿಭಾಜ್ಯಗಳಿಂದ ಮಾಡಿದ ಕೀಲಿಗಳು ಕಾಯುವ ಜನರ ದುಡ್ಡಿನ ವಿಷಯದಲ್ಲಿ ‘ಬಹುಮಟ್ಟಿಗೆ’ ಎಂಬ ಮಾತು ನಡೆಯುತ್ತದೆಯೆ? ರಾಬಿನ್ ಸಾಧಿಸಿದ್ದು ಇದು: ಬೇಕಾಬಿಟ್ಟಿ ಆರಿಸಿದ ಒಂದು ಸಂಖ್ಯೆಯನ್ನು ಹಿಡಿದು ಪರೀಕ್ಷಿಸಿದಾಗ ಸಂಯುಕ್ತವೊಂದು ತಪ್ಪಿಸಿಕೊಳ್ಳುವ ಸಂಭವ ನಾಲ್ಕರಲ್ಲಿ ಒಂದನ್ನು ಮೀರದು. ಹೊಸಹೊಸ ಸಂಖ್ಯೆ ಆರಿಸಿ ಇಪ್ಪತ್ತು ಸಲ ಪರೀಕ್ಷಿಸಿದರೆ ಅದು ಒಂದು ಲಕ್ಷ ಕೋಟಿಯಲ್ಲಿ ಒಂದಕ್ಕಿಂತ ಕಡಿಮೆ. ಇನ್ನೂ ಇಪ್ಪತ್ತು ಸಲ ಮಾಡಿದರೆ, ಲೆಕ್ಕ ಮಾಡುವ ಯಂತ್ರವೇ ನಡುವೆ ಕೆಟ್ಟು ತಪ್ಪು ಹೇಳುವ ಭಯ ಅದಕ್ಕಿಂತ ದೊಡ್ಡದಾಗುತ್ತದೆ. ಇಲ್ಲಿ ‘ಬಹುಮಟ್ಟಿಗೆ’ ಎಂಬುದರ ಅಳತೆ ನಮ್ಮ ಕೈಯಲ್ಲೇ ಇದೆ, ಎಷ್ಟು ಬಿಗಿ ಬೇಕೋ ಅಷ್ಟು ಬಿಗಿ ಮಾಡಿಕೊಳ್ಳಬಹುದು. ನಾವು ದಿನವೂ ನಂಬಿ ನಡೆಯುವ ಅನೇಕ ‘ಖಂಡಿತ’ಗಳಿಗಿಂತ ಇದು ಗಟ್ಟಿ.

ಅದೃಷ್ಟದ ನೆರವಿಲ್ಲದೆ, ಯಾವ ಊಹೆಯನ್ನೂ ಆಧರಿಸದೆ, ಅಂಕಿಗಳು ಹೆಚ್ಚಿದಂತೆ ಕೆಲಸ ಕೈಮೀರಿ ಬೆಳೆಯದಂತೆ ಖಚಿತ ಉತ್ತರ ಕೊಡುವ ಪರೀಕ್ಷೆ ಇದೆಯೇ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು. ಅದಕ್ಕೆ ಉತ್ತರ ಭಾರತದಿಂದ ಬಂತು. 2002ರ ಆಗಸ್ಟ್ ತಿಂಗಳಲ್ಲಿ ಕಾನ್ಪುರದ ಐಐಟಿಯ ಮಣೀಂದ್ರ ಅಗರವಾಲ್ ಮತ್ತು ಆ ವರ್ಷವಷ್ಟೇ ಬಿ.ಟೆಕ್. ಮುಗಿಸಿದ್ದ ಇಬ್ಬರು ಹುಡುಗರು, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ, ಒಂಬತ್ತು ಪುಟಗಳ ಪ್ರಬಂಧವೊಂದನ್ನು ಪ್ರಕಟಿಸಿದರು. 2004ರಲ್ಲಿ ಅದು ‘ಆ್ಯನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್’ ಪತ್ರಿಕೆಯಲ್ಲಿ ಬಂತು, 2006ರಲ್ಲಿ ಗೋಡೆಲ್ ಪ್ರಶಸ್ತಿ ಪಡೆಯಿತು. ನೀರಜ್ ಕಯಾಲ್ ಮುಂದೆ ಬೆಂಗಳೂರಿಗೆ ಬಂದು ಇಲ್ಲಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಸಂಶೋಧನೆ ಮುಂದುವರಿಸಿದರು. ಆ ಪ್ರಬಂಧದ ಬೇರು ನಮ್ಮ ಛಂದಸ್ಸಿನ ಮೇರುಪ್ರಸ್ತಾರ ಬಲ್ಲವರಿಗೆ ಕೂಡಲೇ ಅರ್ಥವಾಗುವಂಥದು. ಮೇಲಿನ ಸಾಲಿನ ಅಕ್ಕಪಕ್ಕದ ಸಂಖ್ಯೆಗಳನ್ನು ಕೂಡಿಸುತ್ತ ಕೆಳಗಿಳಿಯುವ ಈ ಮೇರುವಿನಲ್ಲಿ, ತುದಿಯ ಒಂಟಿ 1ನ್ನು ಬಿಟ್ಟು ಎಣಿಸಿದರೆ, ಐದನೆಯ ಸಾಲು 1, 5, 10, 10, 5, 1. ಎರಡು ತುದಿಯ ಒಂದುಗಳನ್ನು ಬಿಟ್ಟರೆ ನಡುವಿನವೆಲ್ಲ ಐದರಿಂದ ಭಾಗವಾಗುತ್ತವೆ. ಆರನೆಯ ಸಾಲು 1, 6, 15, 20, 15, 6, 1. ಇಲ್ಲಿ 15 ಆರರಿಂದ ಭಾಗವಾಗದು. ಸಾಲಿನ ನಡುವಿನ ಸಂಖ್ಯೆಗಳೆಲ್ಲ ಆ ಸಾಲಿನ ಕ್ರಮಾಂಕದಿಂದ ಭಾಗವಾದರೆ ಕ್ರಮಾಂಕ ಅವಿಭಾಜ್ಯ, ಇಲ್ಲದಿದ್ದರೆ ಅಲ್ಲ, ಇದಕ್ಕೆ ಅಪವಾದವೇ ಇಲ್ಲ. ಆದರೆ ಇಡೀ ಸಾಲನ್ನು ಬರೆಯುವುದು ಭಾಗಾಕಾರಕ್ಕಿಂತಲೂ ದೊಡ್ಡ ಕೆಲಸ. ಸಾಲನ್ನು ಮಡಿಸಿ ಚಿಕ್ಕದು ಮಾಡಿಕೊಂಡು, ಅಂಥ ಕೆಲವೇ ಮಡಿಕೆಗಳನ್ನು ಪರೀಕ್ಷಿಸಿದರೂ ಸತ್ಯ ತಪ್ಪಿಸಿಕೊಳ್ಳದು ಎಂದು ಸಾಧಿಸಿದ್ದೇ ಆ ಮೂವರ ಸಾಹಸ. ಇಷ್ಟಾದರೂ ಕೀಲಿ ತಯಾರಿಸುವ ತಂತ್ರಾಂಶಗಳು ಇಂದಿಗೂ ಮಿಲ್ಲರ್ ಮತ್ತು ರಾಬಿನ್ ಪರೀಕ್ಷೆಯನ್ನೇ ಬಳಸುತ್ತವೆ, ಅದು ಬಹಳ ವೇಗದ್ದು. ಇದರಿಂದ ಕಾನ್ಪುರದ ಕೆಲಸಕ್ಕೆ ಕುಂದೇನೂ ಇಲ್ಲ. ಗುರುತಿಸುವ ಕೆಲಸ ಸ್ವಭಾವತಃ ಸುಲಭದ್ದು ಎಂಬುದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ನಿಲ್ಲಿಸಿದ್ದು ಅದು.

ಒಡೆಯುವ ಕೆಲಸದ ಕಥೆ ಬೇರೆ. ಮಾರುತಿ ಸೇವಾನಗರದ 560033ನ್ನು 281 ಮತ್ತು 1993 ಎಂದು ಒಡೆಯಲು ಪ್ರೋಗ್ರಾಂ 281ರವರೆಗೆ ನಡೆಯಬೇಕಾಯಿತು. ಆ ಎರಡನ್ನು ಗುಣಿಸಿ 560033 ಮಾಡಲು ಐದನೇ ತರಗತಿಯ ಮಗು ಸಾಕು. ಇದೇ ಅಂತರವನ್ನು ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು 1977ರಲ್ಲಿ ಬೀಗವನ್ನಾಗಿ ಮಾಡಿದರು. ಎರಡು ದೊಡ್ಡ ಅವಿಭಾಜ್ಯಗಳ ಗುಣಲಬ್ಧವನ್ನು ಎಲ್ಲರಿಗೂ ತಿಳಿಸಿ, ಆ ಎರಡನ್ನು ಗುಟ್ಟಾಗಿ ಇಟ್ಟುಕೊಳ್ಳುವುದು. ಆರ್‌ಎಸ್‌ಎ ಎಂಬುದು ಆ ಮೂವರ ಹೆಸರಿನ ಮೊದಲಕ್ಷರಗಳು. 250 ಅಂಕಿಯ ಅಂಥದೊಂದು ಸವಾಲಿನ ಸಂಖ್ಯೆಯನ್ನು 2020ರ ಫೆಬ್ರವರಿಯಲ್ಲಿ ಒಡೆಯಲಾಯಿತು. ಅದಕ್ಕೆ ಹಿಡಿದ ಕೆಲಸ ಕಂಪ್ಯೂಟರಿನ ಒಂದು ಕೋರ್ ಸುಮಾರು 2700 ವರ್ಷ ದುಡಿಯುವಷ್ಟು. ಆಧಾರ್ ನೋಂದಣಿಯಲ್ಲಿ ಮಾಹಿತಿಯನ್ನು ಮುಚ್ಚಿ ಕಳಿಸಲು ಬಳಸುವ 2048 ಬಿಟ್‌ನ ಕೀಲಿಗೆ 617 ಅಂಕಿಗಳಿವೆ. ಗೂಢಲಿಪಿಯ ಕೆಲಸಕ್ಕೆ ನಮ್ಮ ಬಡಾವಣೆಗಳ ನಂಟೂ ಇದೆ. ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ದೂರವಾಣಿ ಕಾರ್ಖಾನೆ ಐಟಿಐ ಸೇನೆಗೆ ಗೂಢಲಿಪಿ ಉಪಕರಣಗಳನ್ನು ತಯಾರಿಸಿಕೊಟ್ಟ ಸಂಸ್ಥೆ. ಸಿ.ವಿ. ರಾಮನ್ ನಗರದ ಡಿಆರ್‌ಡಿಒ ಆವರಣದಲ್ಲಿರುವ ಕೃತಕ ಬುದ್ಧಿಮತ್ತೆ ಮತ್ತು ರೋಬೊಟಿಕ್ಸ್ ಕೇಂದ್ರಕ್ಕೆ ಮಾಹಿತಿ ಸುರಕ್ಷೆಯೂ ಒಂದು ಕ್ಷೇತ್ರ. ಅದರ ವಿಳಾಸದ ಪಿನ್‌ಕೋಡ್ ಅವಿಭಾಜ್ಯವಾಗಿರುವುದು ಕೇವಲ ಕಾಕತಾಳೀಯ, ಆದರೂ ಹೇಳಲು ಖುಷಿಯಾಗುತ್ತದೆ. ಎಲ್ಲ ಬೀಗಗಳೂ ಒಂದೇ ಬಗೆಯವಲ್ಲ. ವಾಟ್ಸಾಪ್ ಬಳಸುವ ಪದ್ಧತಿಯಲ್ಲಿ ಅವಿಭಾಜ್ಯ ಗುಟ್ಟಿನದೇ ಅಲ್ಲ. ಎರಡರ 255ನೇ ಘಾತದಿಂದ 19 ಕಳೆದರೆ ಬರುವ ಒಂದೇ ಅವಿಭಾಜ್ಯವನ್ನು ರಸೆಲ್ ಮಾರ್ಕೆಟ್ಟಿನ ವ್ಯಾಪಾರಿಯೂ ಅಮೆರಿಕದಲ್ಲಿರುವ ಅವರ ಮಗನೂ ಹಂಚಿಕೊಂಡಿರುತ್ತಾರೆ. ಅಲ್ಲಿ ಅಡಗಿರುವ ಕಷ್ಟ ಬೇರೆಯದು, ಆದರೆ ಅದಕ್ಕೂ ನೆಲಗಟ್ಟು ಅವಿಭಾಜ್ಯವೇ.

ಇಷ್ಟೊಂದು ಜನ ಇಷ್ಟೊಂದು ಕೀಲಿ ಮಾಡುತ್ತ ಹೋದರೆ ಅವಿಭಾಜ್ಯಗಳು ಮುಗಿದುಹೋಗುವುದಿಲ್ಲವೆ? ಇಲ್ಲ. ಅವು ಅನಂತ ಎಂದು ಯೂಕ್ಲಿಡ್ ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಸಾಧಿಸಿದ್ದಾನೆ. ಅವು ಎಷ್ಟು ದಟ್ಟವಾಗಿವೆ ಎಂಬುದೂ ಗೊತ್ತು. ನಮ್ಮ ಪಿನ್‌ಕೋಡುಗಳ ಅಳತೆಯಲ್ಲಿ ಸರಾಸರಿ ಹದಿಮೂರು ಸಂಖ್ಯೆಗೊಂದು ಅವಿಭಾಜ್ಯ ಸಿಗಬೇಕು ಎನ್ನುತ್ತದೆ ನಿಯಮ, ಅಂದರೆ ನೂರಕ್ಕೆ ಏಳೆಂಟು. 560001ರಿಂದ 560100ರವರೆಗೆ ಎಣಿಸಿದರೆ ಒಂಬತ್ತು ಸಿಗುತ್ತವೆ. ಕೊನೆಯೆರಡು ಅಂಕಿ ಹೇಳುವುದಾದರೆ 17, 23, 29, 39, 47, 81, 83, 89, 93. 309 ಅಂಕಿಗಳ ಎತ್ತರದಲ್ಲೂ ಸುಮಾರು 710 ಸಂಖ್ಯೆಗೊಂದು ಅವಿಭಾಜ್ಯ ಇರುತ್ತದೆ. ಬೆಸಸಂಖ್ಯೆಗಳನ್ನು ಮಾತ್ರ ಆರಿಸಿ ಪರೀಕ್ಷಿಸುತ್ತ ಹೋದರೆ ಸರಾಸರಿ 355 ಪ್ರಯತ್ನದಲ್ಲಿ ಒಂದು ಕೈಗೆ ಬರುತ್ತದೆ. ಹಾಗೆ ಆರಿಸಲು ಸಾಧ್ಯವಾಗುವುದೂ ಗುರುತಿಸುವ ಕೆಲಸ ಸುಲಭವಾದ್ದರಿಂದಲೇ.

ಇನ್ನೊಂದು ಆಕ್ಷೇಪಣೆಯನ್ನು ಇಂದಿರಾನಗರದಿಂದ ಕೆ.ಆರ್. ಪುರದಾಚೆಯವರೆಗೆ ಕಂಪನಿಗಳಲ್ಲಿ ದುಡಿಯುವ ಯುವಕ ಯುವತಿಯರೇ ಎತ್ತುತ್ತಾರೆ. ಇದನ್ನೆಲ್ಲ ಮಾಡಿಕೊಡುವ ಸಿದ್ಧ ಲೈಬ್ರರಿಗಳಿವೆ, ಒಂದು ಸಾಲಿನಲ್ಲಿ ಕರೆದರೆ ಸಾಕು, ಒಳಗಿನದು ನಮಗೇಕೆ? ಗಂಭೀರವಾದ ಮಾತು ಇದು. ಗೂಢಲಿಪಿಯ ಕೋಡನ್ನು ಸ್ವಂತವಾಗಿ ಬರೆಯಬೇಡಿ, ಪರಿಶೀಲನೆಗೆ ಒಳಗಾದದ್ದನ್ನೇ ಬಳಸಿ ಎಂಬುದು ಬಲ್ಲವರ ಬುದ್ಧಿಮಾತು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಪರಿಶೀಲಿಸುವವರು ಯಾರು? 2018ರಲ್ಲಿ ಸಂಶೋಧಕರ ತಂಡವೊಂದು ಹೆಸರಾಂತ ಲೈಬ್ರರಿಗಳ ಪರೀಕ್ಷೆಯನ್ನೇ ಪರೀಕ್ಷೆಗೆ ಒಡ್ಡಿತು. ಹೊಸಹೊಸ ಸಂಖ್ಯೆಗಳನ್ನು ಆರಿಸುವ ಬದಲು ಕೆಲವು ಲೈಬ್ರರಿಗಳು ಮೊದಲೇ ಗೊತ್ತುಮಾಡಿದ ಸಂಖ್ಯೆಗಳನ್ನೇ ಹಿಡಿದು ಪರೀಕ್ಷಿಸುತ್ತಿದ್ದವು. ನಾಲ್ಕರಲ್ಲಿ ಒಂದು ಎಂಬ ರಾಬಿನ್ನನ ಭರವಸೆ ನಿಂತಿರುವುದು ಬೇಕಾಬಿಟ್ಟಿ ಆರಿಸುವುದರ ಮೇಲೆ. ಅದನ್ನು ತೆಗೆದರೆ, ಆ ಗೊತ್ತಾದ ಸಂಖ್ಯೆಗಳನ್ನು ವಂಚಿಸಲೆಂದೇ ಹೆಣೆದ ಸಂಯುಕ್ತವೊಂದು ಅವಿಭಾಜ್ಯವೆಂದು ಒಳಗೆ ಬರಬಹುದು, ಹಾಗೆ ಬಂದದ್ದನ್ನು ಅವರು ತೋರಿಸಿಯೂ ಕೊಟ್ಟರು. ಅದಕ್ಕೂ ಮೊದಲು, 2012ರಲ್ಲಿ, ಅಂತರಜಾಲಕ್ಕೆ ಅಂಟಿಕೊಂಡಿರುವ ಸಾಧನಗಳ ಬಹಿರಂಗ ಕೀಲಿಗಳನ್ನು ರಾಶಿ ಹಾಕಿ ನೋಡಿದವರಿಗೆ ಇನ್ನೊಂದು ದೋಷ ಸಿಕ್ಕಿತ್ತು. ಅವಿಭಾಜ್ಯಗಳೇನೋ ಸರಿಯಾಗಿದ್ದವು, ಆದರೆ ರೌಟರಿನಂಥ ಸಣ್ಣ ಯಂತ್ರಗಳು ಸಂಖ್ಯೆ ಆರಿಸುವಲ್ಲಿ ಎಡವಿ, ಬೇರೆ ಬೇರೆ ಯಂತ್ರಗಳು ಒಂದೇ ಅವಿಭಾಜ್ಯವನ್ನು ಆರಿಸಿಬಿಟ್ಟಿದ್ದವು. ಎರಡು ಕೀಲಿಗಳಲ್ಲಿ ಒಂದು ಅವಿಭಾಜ್ಯ ಸಮಾನವಾಗಿದ್ದರೆ ಒಡೆಯಲು ಕಷ್ಟಪಡಬೇಕಾಗಿಲ್ಲ. ಹೈಸ್ಕೂಲಿನ ಮ.ಸಾ.ಅ. ತೆಗೆದರೆ ಎರಡೂ ಬಿಚ್ಚಿಕೊಳ್ಳುತ್ತವೆ. ಈ ಎರಡೂ ದೋಷಗಳನ್ನು ಕಂಡುಹಿಡಿದವರು ಲೈಬ್ರರಿಯ ಒಳಗೆ ಏನು ನಡೆಯುತ್ತದೆಂದು ಕೇಳಿದವರು. ಆ ಪ್ರಶ್ನೆ ಕೇಳುವ ಅಭ್ಯಾಸವನ್ನು ಆರು ಸಾಲಿನ ಪ್ರೋಗ್ರಾಮಿನಿಂದಲೇ ಶುರುಮಾಡಬಹುದು: ಎಷ್ಟು ಭಾಗಾಕಾರವಾಯಿತು ಎಂದು ಎಣಿಸುವ ಏಳನೆಯ ಸಾಲನ್ನು ಸೇರಿಸಿಕೊಂಡರೆ ಆಯಿತು.

ಕ್ವಾಂಟಮ್ ಕಂಪ್ಯೂಟರ್ ಬಂದಮೇಲೆ ಇದೆಲ್ಲ ಹಳೆಯ ಕಥೆಯಾಗುತ್ತದೆ ಎಂಬ ಮಾತೂ ಕೇಳಿಬರುತ್ತಿದೆ. ಪೀಟರ್ ಶೋರ್ 1994ರಲ್ಲೇ ತೋರಿಸಿದ ಹಾಗೆ, ಸಾಕಷ್ಟು ದೊಡ್ಡದಾದ ಕ್ವಾಂಟಮ್ ಯಂತ್ರವೊಂದು ತಯಾರಾದರೆ ಒಡೆಯುವುದೂ ಸುಲಭವಾಗಿಬಿಡುತ್ತದೆ. ಆಗ ಆರ್‌ಎಸ್‌ಎ ನಿಲ್ಲದು. ವಾಟ್ಸಾಪಿನ ಬೀಗದಲ್ಲಿ ಅಡಗಿರುವ ಬೇರೆ ಬಗೆಯ ಕಷ್ಟವನ್ನೂ ಅದೇ ಯಂತ್ರ ಬಿಡಿಸಬಲ್ಲದು, ಹಾಗಾಗಿ ಮೇಲೆ ಹೇಳಿದ ಆ ಪದ್ಧತಿಯೂ ನಿಲ್ಲದು. ಈ ಭಯ ನಿಜವಾದದ್ದು, ಆದ್ದರಿಂದಲೇ 2024ರ ಆಗಸ್ಟ್‌ನಲ್ಲಿ ಅಮೆರಿಕದ ಮಾನಕ ಸಂಸ್ಥೆ ಕ್ವಾಂಟಮ್ ದಾಳಿಗೂ ಜಗ್ಗದಂತೆ ರೂಪಿಸಿದ ಹೊಸ ಪದ್ಧತಿಗಳನ್ನು ಪ್ರಕಟಿಸಿತು. ಅವು ಅಪವರ್ತನದ ಕಷ್ಟವನ್ನು ನೆಚ್ಚಿಕೊಂಡಿಲ್ಲ. ಆದರೂ ಅವುಗಳಲ್ಲಿ ಕೀಲಿ ವಿನಿಮಯಕ್ಕೆಂದು ಇರುವ ಮುಖ್ಯ ಪದ್ಧತಿಯ ಲೆಕ್ಕವೆಲ್ಲ ನಡೆಯುವುದು 3329 ಎಂಬ ಸಂಖ್ಯೆಯ ಶೇಷಗಳಲ್ಲಿ. 57ರ ವರ್ಗ 3249, 58ರ ವರ್ಗ 3364. ಹಾಗಾಗಿ 57ರೊಳಗಿನ ಅವಿಭಾಜ್ಯಗಳಿಂದ, ಎರಡರಿಂದ 53ರವರೆಗಿನ ಹದಿನಾರು ಸಂಖ್ಯೆಗಳಿಂದ ಭಾಗಿಸಿ ನೋಡಿದರೆ ಸಾಕು, ಪೆನ್ನು ಹಿಡಿದೇ ಮುಗಿಸಬಹುದು. ಒಂದರಿಂದಲೂ ಅದು ಭಾಗವಾಗುವುದಿಲ್ಲ. ಅದನ್ನೇ ಆರಿಸಿದ್ದಕ್ಕೆ ಕಾರಣವೂ ಇದೆ. ಅದಕ್ಕಿಂತ ಒಂದು ಕಡಿಮೆಯಾದ 3328 ಎಂಬುದು 256 ಮತ್ತು 13ರ ಗುಣಲಬ್ಧ. ಆ 256 ಅಲ್ಲಿರುವುದರಿಂದ ಉದ್ದುದ್ದ ಗುಣಾಕಾರಗಳನ್ನು ತುಂಡುಮಾಡಿ ಬೇಗ ಮುಗಿಸಲು ಬರುತ್ತದೆ.